ಒಂದೇ ಅಳತೆಯ ಹನ್ನೊಂದು ತುಂಡು

"ಡಾಕ್ಟ್ರೇ, ಇದನ್ನ ಮಾರಿಬಿಡ್ತೀನಿ."

ಹಾಗಂತ ಅವನು ಗಿಟಾರ್ ಕೇಸನ್ನು ನನ್ನ ಬೆಂಚಿನ ಮೇಲೆ ಇಟ್ಟಾಗ ಬೆಳಿಗ್ಗೆ ಹನ್ನೊಂದು ಗಂಟೆ. ಬೇರೆ ದಿನಗಳಲ್ಲಾದರೆ ಬಾಗಿಲಿನಿಂದಲೇ "ಎಮರ್ಜೆನ್ಸಿ ಕೇಸು!" ಅಂತ ಕೂಗಿಕೊಂಡು ಬರುವವನು. ಇವತ್ತು ಮುಖ ಸಪ್ಪಗಿತ್ತು, ಕಣ್ಣು ನನ್ನ ಕಡೆ ತಿರುಗಲೇ ಇಲ್ಲ.

ನಾನು ಡಾಕ್ಟರೂ ಅಲ್ಲ, ಕಾಂಪೌಂಡರೂ ಅಲ್ಲ. ಅಪ್ಪನ ಅಂಗಡಿಯಲ್ಲಿ ಗಿಟಾರ್ ರಿಪೇರಿ ಮಾಡುವವಳು. ಅಪ್ಪನಿಗೆ ಕೈ ನಡುಗಲು ಶುರುವಾದ ಮೇಲೆ ಸ್ಕ್ರೂಡ್ರೈವರ್ ನನ್ನ ಕೈಗೆ ಬಂತು, ಅವರಿಗೆ ಕಾಫಿ ಲೋಟ ಮತ್ತು ಪೇಪರ್ ಉಳಿಯಿತು. ಈ ಮಹಾಶಯ ಎಂಟು ತಿಂಗಳಿಂದ ನಮ್ಮ ಗಿರಾಕಿ. ಬ್ಯಾಂಡ್ ಒಂದರಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಾನೆ. ತಂತಿ ತುಂಡು ಮಾಡುವುದರಲ್ಲಿ ಎತ್ತಿದ ಕೈ. ಅದಕ್ಕೇ ಅಲ್ಲಿ ಎಲ್ಲರೂ ಅವನನ್ನು ಕರೆಯುವುದು ಕೊಡಲಿ ಅಂತ.

"ಮಾರೋವಂಥದ್ದು ಏನಾಯ್ತು?" ಅಂದೆ.

"ಭಾನುವಾರ ಮತ್ತೆ ತುಂಡಾಯ್ತು. ನಾನೊಬ್ಬನೇ ಬಾರಿಸೋ ಸೋಲೋ ಮಧ್ಯದಲ್ಲಿ, ಅಷ್ಟು ಜನರ ಮುಂದೆ. ಡ್ರಮ್ಮರ್ ಖಡಾಖಂಡಿತವಾಗಿ ಹೇಳಿಬಿಟ್ಟ. ಇವತ್ತು ನಾಲ್ಕು ಗಂಟೆಗೆ ದೊಡ್ಡ ಹಾಲ್‌ನಲ್ಲಿ ಶೋ ಇದೆ. ಇನ್ನೊಂದು ಸಲ ತಂತಿ ಹೋದ್ರೆ ನನ್ನ ಜಾಗಕ್ಕೆ ಅವನ ಭಾವಮೈದ ಬರ್ತಾನಂತೆ."

"ಅದಕ್ಕೆ ಈ ಗಿಟಾರ್ ಏನು ಮಾಡ್ತು, ಪಾಪ?"

"ಅದು ಏನೂ ಮಾಡಿಲ್ಲ. ನನ್ನ ಕೈಯೇ ಸರಿ ಇಲ್ಲ. ನೀವೇ ಹೇಳಿದ್ರಲ್ಲ, ಕೈ ಸ್ವಲ್ಪ ಹಗುರ ಮಾಡಿ ಅಂತ. ಮಾಡಿದೆ. ತಂತಿ ಮೀಟೋಕೆ ತೆಳ್ಳಗಿನ ಪಿಕ್ ತಗೊಂಡೆ. ಈಗ ನಾನು ಬಾರಿಸ್ತಿದೀನೋ ತಂತಿ ಹತ್ರ ಕ್ಷಮೆ ಕೇಳ್ತಿದೀನೋ ನನಗೇ ಗೊತ್ತಾಗ್ತಿಲ್ಲ."

ನಗಲು ನೋಡಿದ. ಆಗಲಿಲ್ಲ.

ಆ ಮಾತು ನಾನೇ ಹೇಳಿದ್ದು, ನಿಜ. ಆದರೆ ಅದು ಶುದ್ಧ ಸುಳ್ಳು.

ಗಿಟಾರಿನಲ್ಲಿ ತಂತಿಗಳ ಬುಡ ಕೂರುವ ಬ್ರಿಡ್ಜ್ ಮೇಲೆ ಪ್ರತಿ ತಂತಿಗೂ ಒಂದೊಂದು ಪುಟ್ಟ ಲೋಹದ ಆಸರೆ ಇರುತ್ತೆ. ಸ್ಯಾಡಲ್ ಅಂತೀವಿ. ತಂತಿ ಅದರ ಮೇಲೆ ಬಾಗಿ ಕೆಳಗಿಳಿಯುತ್ತೆ. ಅವನ ಗಿಟಾರಿನ ಸ್ಯಾಡಲ್‌ಗಳು ಸವೆದು ಅಂಚು ಎದ್ದಿದ್ದವು. ಅವನು ಬಂದ ಮೊದಲ ದಿನವೇ ಎರಡನೇ ತಂತಿಯ ಕೆಳಗೆ ಉಗುರು ಆಡಿಸಿ ನೋಡಿದ್ದೆ, ಬ್ಲೇಡಿನಂತೆ ತಾಕಿತ್ತು. ಯಾವ ತಂತಿ ತಾನೆ ಬಾಳುತ್ತೆ? ಅವತ್ತೇ ಹೊಸ ಸೆಟ್ ಆರ್ಡರ್ ಮಾಡಿದೆ. ಗ್ರ್ಯಾಫೈಟ್ ಬೆರೆಸಿದ ನುಣುಪಾದ ಸ್ಯಾಡಲ್‌ಗಳು. ತಂತಿ ಅದರ ಮೇಲೆ ಉಜ್ಜದೆ ಜಾರುತ್ತೆ.

ಪಾರ್ಸೆಲ್ ಬಂದ ದಿನವೇ ಅವನೂ ಬಂದ. ಬೆಂಚಿಗೆ ಮೊಣಕೈ ಊರಿ ನಾನು ಕೆಲಸ ಮಾಡುವುದನ್ನೇ ನೋಡುತ್ತಾ ಕೂತ.

"ಡಾಕ್ಟ್ರೇ, ಸ್ಕ್ರೂ ತಿರುಗಿಸುವಾಗ ನಿಮ್ಮ ನಾಲಿಗೆ ತುದಿ ಹೊರಗೆ ಬರುತ್ತೆ, ಗೊತ್ತಾ?"

"ಗಿಟಾರ್ ನೋಡಿ, ನನ್ನ ಮುಖ ಅಲ್ಲ."

"ಗಿಟಾರ್ ದಿನಾ ನೋಡ್ತೀನಲ್ಲ."

ತಲೆ ಎತ್ತಿದೆ. ಅವನು ಥಟ್ಟನೆ ಗೋಡೆ ಗಡಿಯಾರ ನೋಡತೊಡಗಿದ. ಆ ಗಡಿಯಾರ ಕೆಟ್ಟು ಎರಡು ವರ್ಷವಾಗಿತ್ತು. ನಾನು ಹೊಸ ಸ್ಯಾಡಲ್ ಪೊಟ್ಟಣವಿದ್ದ ಡ್ರಾಯರ್ ಮುಚ್ಚಿದೆ. ಹೊಸ ಸ್ಯಾಡಲ್ ಹಾಕಿದರೆ ತಂತಿ ತುಂಡಾಗಲ್ಲ. ತಂತಿ ತುಂಡಾಗದಿದ್ದರೆ ಇವನು ಇಲ್ಲಿಗೆ ಯಾಕೆ ಬರ್ತಾನೆ?

ಹಳೆಯ ಸ್ಯಾಡಲನ್ನೇ ಎಮರಿ ಪೇಪರಿನಿಂದ ಮೇಲೆ ಮೇಲೆ ಉಜ್ಜಿ, ಹೊಸ ತಂತಿ ಕಟ್ಟಿ ಕಳಿಸಿದೆ. ಮೂರು ವಾರಕ್ಕೆ ಮತ್ತೆ ಹಾಜರ್. ಇದೊಂದು ಸಲ ಅಂದುಕೊಂಡೆ. ಹಾಗೆ ಪ್ರತಿ ಸಲವೂ ಅಂದುಕೊಂಡೆ. ಯಾಕೆ ಹೀಗಾಗುತ್ತೆ ಅಂತ ಅವನು ಕೇಳಿದ ದಿನ ಬಾಯಿಗೆ ಬಂದದ್ದು ಹೇಳಿಬಿಟ್ಟೆ, ನಿಮ್ಮ ಕೈ ಭಾರ ಅಂತ. ಅವನು ಅದನ್ನು ಮನೆಗೆ ಒಯ್ದು ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆ ಅಂತ ನಾನು ಯೋಚಿಸಲೇ ಇಲ್ಲ. ನನ್ನಂಥ ಸ್ವಾರ್ಥಿ ಇನ್ನೊಬ್ಬಳಿರಲಾರಳು.

"ಮಾರೋದಾದ್ರೆ ಕಾರ್ಡು ತಗೊಂಡು ಹೋಗಪ್ಪ," ಮುಂದಿನ ಕುರ್ಚಿಯಿಂದ ಅಪ್ಪ ಅಂದರು. "ಕೊಳ್ಳೋರಿಗೆ ತೋರಿಸಬೇಕಾಗುತ್ತೆ."

ಅಪ್ಪನದೊಂದು ಪದ್ಧತಿಯಿದೆ. ತುಂಡಾದ ತಂತಿಯಲ್ಲಿ ಬ್ರಿಡ್ಜ್ ಕಡೆ ಉಳಿದ ತುದಿಯನ್ನು ತಾರೀಕು ಬರೆದು ಗಿರಾಕಿಯ ಕಾರ್ಡಿಗೆ ಟೇಪ್ ಹಾಕಿ ಅಂಟಿಸಬೇಕು. ಎಲ್ಲಿ ತುಂಡಾಯಿತು ಅಂತ ನೋಡಿದರೆ ಯಾಕೆ ಅನ್ನುವುದು ತಾನೇ ಗೊತ್ತಾಗುತ್ತೆ ಅನ್ನುವುದು ಅವರ ಲೆಕ್ಕ. ನಾನು ಸುಳ್ಳು ಹೇಳಿದೆನೇ ಹೊರತು ಆ ಪದ್ಧತಿ ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲ.

ಅಪ್ಪ ಕಾರ್ಡನ್ನು ಅವನ ಕೈಗೇ ಕೊಟ್ಟರು.

ಅವನು ನೋಡಿದ. ಹನ್ನೊಂದು ತುಂಡುಗಳು ಸಾಲಾಗಿ ಇದ್ದವು. ಬೆರಳಿನಿಂದ ಒಂದೊಂದೇ ಮುಟ್ಟುತ್ತಾ ಬಂದು ನಿಂತ.

"ಇವೆಲ್ಲ ಒಂದೇ ಅಳತೆ."

ನಾನು ಬೆಂಚಿನ ಮೇಲಿದ್ದ ಸ್ಕ್ರೂಗಳನ್ನು ಒಟ್ಟುಮಾಡತೊಡಗಿದೆ.

"ಡಾಕ್ಟ್ರೇ, ನನ್ನ ಕೈ ಕಾರಣ ಆಗಿದ್ರೆ ಪಿಕ್ ತಾಗೋ ಕಡೆ ಒಂದಾದ್ರೂ ತುಂಡಾಗಬೇಕಿತ್ತು. ಅಲ್ವಾ?"

"ಹೌದು," ಅಂದೆ. "ಕೈ ಅಲ್ಲ. ಸ್ಯಾಡಲ್."

"ಯಾವಾಗ ಗೊತ್ತಾಯ್ತು?"

"ಮೊದಲ ದಿನ."

ಡ್ರಾಯರ್ ಎಳೆದೆ. ಪೊಟ್ಟಣದ ಮೇಲೆ ಧೂಳು ಕೂತಿತ್ತು. ಅವನ ಹೆಸರಿನ ಚೀಟಿ ಅಂಟಿಸಿ ಇಟ್ಟಿದ್ದೆ, ಎಂಟು ತಿಂಗಳ ಹಿಂದಿನ ತಾರೀಕು. ಅದನ್ನು ಅವನ ಮುಂದಿಟ್ಟೆ.

"ಇದನ್ನ ಹಾಕಿದ್ರೆ ನೀವು ಬರ್ತಿರಲಿಲ್ಲ," ಅಂದೆ. "ನೀವು ಬರೋದು ನನಗೆ ಬೇಕಿತ್ತು. ಅಷ್ಟೇ. ಬೇರೆ ಯಾವ ಕಾರಣನೂ ಇಲ್ಲ."

ಇಷ್ಟು ದಿನ ಹೇಗೆ ಹೇಳಲಿ ಅಂತ ಕನ್ನಡಿ ಮುಂದೆ ಏನೆಲ್ಲ ಅಭ್ಯಾಸ ಮಾಡಿದ್ದೆ! ಕೊನೆಗೆ ಹೇಳಿದ್ದು ಕಳ್ಳಿ ಸಿಕ್ಕಿಬಿದ್ದ ಹಾಗೆ.

ಅವನು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಎಂಟು ತಿಂಗಳು ಈ ಕೈನ ಬೈಕೊಂಡಿದೀನಿ," ಅಂದ. ದನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು. "ಹಾಕಿ. ನಾಲ್ಕಕ್ಕೆ ಶೋ."

ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ, ಬೆನ್ನು ನನ್ನ ಕಡೆ. ಬೆಂಚಿಗೆ ಮೊಣಕೈ ಊರಲು ಯಾರೂ ಇರಲಿಲ್ಲ.

ತಂತಿ ಸಡಿಲಿಸಿದೆ. ಐದು ಸ್ಯಾಡಲ್ ಸಲೀಸಾಗಿ ಬಂದವು. ಹಾಳಾದ್ದು, ಎರಡನೇ ತಂತಿಯದರ ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬಲ ಹಾಕಿದರೆ ತಲೆ ಸವೆದು ಕೆಲಸವೇ ಕೆಡುತ್ತೆ. ಒಂದು ಹನಿ ಎಣ್ಣೆ ಬಿಟ್ಟು ಕಾದೆ. ಗಂಟೆ ಒಂದಾಯಿತು. ತಿರುಗಲಿಲ್ಲ. ಇನ್ನೊಂದು ಹನಿ. ಕೈ ಬೆವರಿ ಸ್ಕ್ರೂಡ್ರೈವರ್ ಜಾರುತ್ತಿತ್ತು.

"ಉಸಿರು ಬಿಡು ಮಗಳೇ," ಅಪ್ಪ ಪೇಪರ್ ಹಿಂದಿನಿಂದ ಅಂದರು. "ಮೊದಲು ಉಸಿರು, ಆಮೇಲೆ ಸ್ಕ್ರೂ."

"ಕಾರ್ಡು ಬೇಕಂತಲೇ ಕೊಟ್ರಿ, ಅಲ್ವಾ?"

"ಡ್ರಾಯರ್ ನಾನೂ ತೆಗೀತೀನಿ," ಅಂದು ಅಪ್ಪ ಹಾಳೆ ಮಗುಚಿದರು.

ಸ್ಕ್ರೂ ಕಿರ್ರ್ ಅಂತ ಅಲುಗಾಡಿತು. ಹೊಸದು ಆರೂ ಕೂರಿಸಿ, ಸ್ಪ್ರಿಂಗ್ ಹಾಕಿ, ಒಂದೊಂದರ ಎತ್ತರ ಅಳೆದು, ಹೊಸ ತಂತಿ ಕಟ್ಟಿ, ಶ್ರುತಿ ಮಾಡಿದೆ. ಗಿಟಾರಿನ ಕತ್ತಿನ ಮೇಲಿನ ಹನ್ನೆರಡನೇ ಪಟ್ಟಿಯಲ್ಲಿ ಒತ್ತಿ ನೋಡಿದರೆ ಸ್ವರ ಕೂದಲೆಳೆಯಷ್ಟು ಮೇಲಿತ್ತು. ಸ್ಯಾಡಲನ್ನು ಚೂರು ಹಿಂದೆ ಸರಿಸಿದೆ. ಕೂಡಿಕೊಂಡಿತು. ಗಂಟೆ ಎರಡೂವರೆ.

ಕೇಸ್ ಕೊಡುತ್ತಾ ಅಂದೆ, "ಹೆದರಬೇಡಿ. ಎಷ್ಟು ಬೇಕೋ ಅಷ್ಟು ಜೋರಾಗಿ ಬಾರಿಸಿ."

"ಇದನ್ನೂ ನಂಬಬೇಕಾ?" ಅಂದ. ಹೋಗಿಬಿಟ್ಟ.

ನಾನು ಹಾಲ್‌ಗೆ ಹೋಗಬಾರದು ಅಂದುಕೊಂಡೆ. ಮೂರೂವರೆಗೆ ಅಪ್ಪ ನನ್ನ ಚಪ್ಪಲಿಯನ್ನು ಕಾಲಿನಿಂದ ನನ್ನತ್ತ ತಳ್ಳಿದರು. ಹೋದೆ. ಹಿಂದಿನ ಕಂಬಕ್ಕೆ ಒರಗಿ ನಿಂತೆ. ಜೇಬಿನಲ್ಲಿ ಎರಡು ಹೊಸ ತಂತಿ, ಒಂದು ಕಟರ್.

ಮೊದಲ ಎರಡು ಹಾಡಿನಲ್ಲಿ ಅವನು ಅಳುಕುತ್ತಲೇ ಬಾರಿಸಿದ. ನನಗೆ ಗೊತ್ತಾಗುತ್ತಿತ್ತು. ಬೆರಳು ತಂತಿಯನ್ನು ಮುಟ್ಟಿ ಮುಟ್ಟಿ ಹಿಂದೆ ಸರಿಯುತ್ತಿತ್ತು. ಅಯ್ಯೋ, ಅದೂ ನಾನೇ ಕಲಿಸಿದ್ದು.

ಮೂರನೆಯದರಲ್ಲಿ ಸೋಲೋ ಬಂತು. ಡ್ರಮ್ಮರ್ ಕಣ್ಣು ಅವನ ಕೈಮೇಲೆಯೇ ಇತ್ತು. ಅವನು ಜೇಬಿಗೆ ಕೈಹಾಕಿ ತೆಳ್ಳಗಿನ ಪಿಕ್ ಬಿಟ್ಟು ಹಳೆಯ ದಪ್ಪದ್ದನ್ನು ತೆಗೆದ. ಎರಡನೇ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಎಳೆದ. ಭಾನುವಾರ ಇದೇ ಎಳೆತಕ್ಕೆ ತುಂಡಾಗಿದ್ದು. ಇನ್ನೂ ಎಳೆದ. ನಾನು ಕಣ್ಣು ಮುಚ್ಚಿಕೊಂಡೆ. ಸ್ವರ ಏರಿತು, ಅಲ್ಲೇ ನಿಂತು ನಡುಗಿತು, ಕೆಳಗಿಳಿಯಿತು. ತಂತಿ ಇತ್ತು.

ಆಮೇಲೆ ಅವನು ಬಾರಿಸಿದ್ದನ್ನು ಏನು ಹೇಳಲಿ? ಎಂಟು ತಿಂಗಳು ನಾನು ಅವನಿಂದ ಕಿತ್ತುಕೊಂಡಿದ್ದು ಏನು ಅಂತ ಆಗ ಗೊತ್ತಾಯಿತು. ಜನ ಎದ್ದು ನಿಂತರು. ಡ್ರಮ್ಮರ್ ಕೋಲೆತ್ತಿ ನಕ್ಕ. ಅವನು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ನಾನು ಅಳುತ್ತಾ ವಾಪಸ್ ಬಂದೆ.

ಸಂಜೆ ಆರೂವರೆಗೆ ಅಂಗಡಿ ಮುಚ್ಚುವ ಹೊತ್ತಿಗೆ ಬಾಗಿಲಲ್ಲಿ ಕೇಸ್ ಕಂಡಿತು. ಆಮೇಲೆ ಅವನು.

"ಆಮೇಲೆ ತುಂಡಾಯ್ತಾ?" ಅಂದೆ.

"ಇಲ್ಲ."

"ಶ್ರುತಿ ಜಾರ್ತಾ?"

"ಇಲ್ಲ."

"ಮತ್ತೆ?"

ಕೇಸ್ ಕೆಳಗಿಟ್ಟ, ತೆರೆಯಲಿಲ್ಲ. "ಮತ್ತೆ ಏನಿಲ್ಲ. ಏನೂ ಕೆಡದೇ ಇದ್ರೂ ನಾನು ಇಲ್ಲಿಗೆ ಬರ್ತೀನಾ ಅಂತ ನೋಡೋಣ ಅನ್ನಿಸ್ತು. ಬಂದೆ."

ನಾನು ಕೈಯಲ್ಲಿದ್ದ ಬೀಗವನ್ನು ಬೆಂಚಿನ ಮೇಲಿಟ್ಟೆ.

"ಕೋಪ ಹೋಗಿಲ್ಲ," ಅಂದ. "ಎಂಟು ತಿಂಗಳದು. ಒಂದೇ ದಿನಕ್ಕೆ ಮುಗಿಯೋದಲ್ಲ ಅದು. ದಿನಾ ಬಂದು ಸ್ವಲ್ಪ ಸ್ವಲ್ಪ ಮಾಡ್ಕೋತೀನಿ."

"ದಿನಾನಾ?"

"ಭಾನುವಾರ ಸೇರಿಸಿ. ಕೇಳಿದ್ರೆ ಸಾಕಿತ್ತು, ಡಾಕ್ಟ್ರೇ. ಬನ್ನಿ ಅಂದಿದ್ರೆ ಬರ್ತಿದ್ದೆ."

"ಬನ್ನಿ," ಅಂದೆ.

ಅವನು ಬಂದು ಬೆಂಚಿಗೆ ಮೊಣಕೈ ಊರಿದ. ನಾನು ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಭಾರವೇ ಇರಲಿಲ್ಲ.

"ಕಾಫಿ ಎರಡಾ, ಮೂರಾ?" ಒಳಗಿನಿಂದ ಅಪ್ಪ ಕೂಗಿದರು.

"ಮೂರು," ಅಂದ ಅವನು.