ಮೈನಾಳನ್ನು ಓಡಿಸಿದ ಮುಳ್ಳಕ್ಕ

"ಮುಳ್ಳಕ್ಕ ಒಬ್ಬಾಕೀನ ಯಾಕ ಕೂತಾಳ್ರೀ?"

ಬಾಗಿಲಿನಿಂದ ಬಂದ ಗಂಡುಧ್ವನಿಗೆ ಸುಗುಣಾ ಬೆಚ್ಚಿದಳು. ತುಳುನಾಡಿನಿಂದ ಬಂದ ಅವಳ ಅಪ್ಪ ಜಯಕರ ನಾಸಿಕ್ ರೋಡಿನಲ್ಲಿ ನಡೆಸುತ್ತಿದ್ದ ಹೋಟೆಲಿನ ಮಾಳಿಗೆ ಅದು. ಊರಿನ ಭಾಷೆ ಮರೆಯದಿರಲೆಂದು ಭಾನುವಾರ ಅಲ್ಲಿ ಕನ್ನಡದ ಮಕ್ಕಳಿಗೆ ಅವಳು ಕಥೆ ಹೇಳುತ್ತಿದ್ದಳು. ಅಂದಿನ ಕಥೆ ಮುಳ್ಳಕ್ಕ ಎಂಬ ಒಂಟಿ ಮುಳ್ಳುಹಂದಿಯದು.

"ಮೈತುಂಬ ಮುಳ್ಳಲ್ವ? ಹತ್ತಿರ ಬಂದವರಿಗೆ ಚುಚ್ಚುತ್ತದೆ" ಎಂದಳು ಬಿರುಸಾಗಿ.

"ಚುಚ್ಚಿದ್ರೂ ಪರವಾಗಿಲ್ಲ ಅನ್ನೋರು ಯಾರೂ ಇಲ್ಲೇನ್ರಿ ಆ ಅಡವ್ಯಾಗ?"

ಮಕ್ಕಳು ಹೋ ಎಂದು ನಕ್ಕರು. ಸುಗುಣಾಳ ಕೆನ್ನೆ ಕಾದ ಕಾವಲಿಯಾಯಿತು!

ಅವನು ಶಿವರಾಯ. ಬೀದರ ಕಡೆಯವನು, ನೋಟಿನ ಪ್ರೆಸ್ಸಿನಲ್ಲಿ ಕೆಲಸ. ಆಗ ಎಪ್ಪತ್ತೊಂದನೇ ಇಸವಿ. ಅಲ್ಲಿಂದಾಚೆಗೆ ಒಂದು ಭಾನುವಾರ ಅವಳು, ಒಂದು ಭಾನುವಾರ ಅವನು... ಆದರೆ ಕಥೆ ಮಾತ್ರ ಒಂದೇ! ಅವಳು ನಿಲ್ಲಿಸಿದಲ್ಲಿಂದ ಅವನು ಎತ್ತಿಕೊಳ್ಳುತ್ತಿದ್ದ. ಮೊದಲು ಅವನು ತಂದದ್ದು ಒಂದು ಆಮೆಯನ್ನು. ಮಾತು ಕಡಿಮೆ, ನಡಿಗೆ ನಿಧಾನ, ಚಿಪ್ಪು ಗಟ್ಟಿ. ಮುಳ್ಳಕ್ಕನ ಪಕ್ಕದಲ್ಲಿ ಕೂತರೂ ಆಮೆಗೆ ನೋವಾಗುತ್ತಿರಲಿಲ್ಲ.

'ಇವನು ನನಗೇ ಹೇಳುತ್ತಿದ್ದಾನಾ?' ತೆಂಗಿನಕಾಯಿ ತುರಿಯುತ್ತಾ ಸುಗುಣಾ ಒಬ್ಬಳೇ ನಗುತ್ತಿದ್ದಳು.

ಆಮೇಲೆ ಬಂದಳು ಮೈನಾ. ಅವಳನ್ನೂ ಶಿವರಾಯನೇ ತಂದ. ಸದಾ ನಗುವ, ಹಾಡುವ, ಎಲ್ಲರೊಂದಿಗೂ ಬೆರೆಯುವ ಮೈನಾ.

"ಥೇಟ್ ವಸಂತಿ ಅಕ್ಕ!" ಎಂದು ಮಕ್ಕಳು ಕೂಗಿದರು.

ವಸಂತಿ ಎಂದರೆ ಸುಗುಣಾಳ ಬಾಲ್ಯದ ಗೆಳತಿ. ಶಾಲೆಯಲ್ಲಿ ಒಂದೇ ಬೆಂಚು, ಮಕ್ಕಳಿಗೆ ಹಾಡು ಕಲಿಸುವವಳೂ ಅವಳೇ. ಅದೇ ವಾರ ಸ್ಟೇಷನ್ ಎದುರು ಸುಗುಣಾ ಕಂಡದ್ದೇನು? ಶಿವರಾಯ ಏನೋ ಹೇಳುತ್ತಿದ್ದಾನೆ, ವಸಂತಿ ಹೊಟ್ಟೆ ಹಿಡಿದು ನಗುತ್ತಿದ್ದಾಳೆ. ಸುಗುಣಾಳನ್ನು ಕಂಡದ್ದೇ ಇಬ್ಬರೂ ಗಪ್‌ಚಿಪ್!

ಎದೆಯೊಳಗೆ ಕೆಂಡ ಬಿತ್ತು... 'ನಗು ಅವಳಿಗೆ, ಮುಳ್ಳು ನನಗೆ. ಚೆನ್ನಾಗಿ ಹಂಚಿದ್ದಾನೆ!'

ಆ ಭಾನುವಾರ ಸರದಿ ಸುಗುಣಾಳದು. ಹೊಟ್ಟೆಕಿಚ್ಚು ಮಕ್ಕಳ ಕಥೆಯನ್ನೂ ಬಿಡಲಿಲ್ಲ ನೋಡಿ!

"ಮೈನಾ ಏನು ಮಾಡಿದಳು ಗೊತ್ತಾ? ಗೆಳತಿ ಅಂತ ನಂಬಿಸಿ, ಮುಳ್ಳಕ್ಕನ ಗೆಣಸು ಕದ್ದಳು! ಎಲ್ಲರೂ ಸೇರಿ ಅವಳನ್ನು ಕಾಡಿನಿಂದಲೇ ಓಡಿಸಿದರು."

ಪುಟ್ಟ ಹುಡುಗಿಯೊಬ್ಬಳು ಅಳತೊಡಗಿದಳು. "ಪಣ್ ಟೀಚರ್, ಮೈನಾ ಚೋರ್ ಅಲ್ಲ!" ಎಂದಳು ಮರಾಠಿ ಬೆರೆಸಿ.

ಹಾಡು ಕಲಿಸಲು ಬಂದು ಹಿಂದೆ ನಿಂತಿದ್ದ ವಸಂತಿಯ ಮುಖ ಬಿಳುಚಿತು. ಒಂದು ಗಳಿಗೆ ಸುಗುಣಾಳನ್ನೇ ನೋಡಿ, ಹಾಡು ಕಲಿಸದೆಯೇ ಮೆಟ್ಟಿಲಿಳಿದು ಹೋದಳು.

ಮುಂದಿನ ಭಾನುವಾರ ಹಾಡಿರಲಿಲ್ಲ. ಮೈನಾಳನ್ನು ಕರೆತನ್ನಿ ಎಂದು ಮಕ್ಕಳು ಶಿವರಾಯನಿಗೆ ಗಂಟುಬಿದ್ದರು. ಸುಗುಣಾ ಬಾಗಿಲ ಮರೆಯಲ್ಲಿ ಕಿವಿಗೊಟ್ಟು ನಿಂತಿದ್ದಳು.

"ನಾ ಕರದ್ರ ಬರಾಂಗಿಲ್ಲಪಾ ಅಕಿ" ಎಂದ ಅವನು. "ಓಡಿಸಿದ ಮುಳ್ಳಕ್ಕನ ಹೋಗಿ ಕರೀಬೇಕು."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೇ ಚೆನ್ನಾಗಿತ್ತು!

ಸುಗುಣಾ ಓಡಿದಳು. ವಸಂತಿ ಮನೆಯಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ವಸು... ತಪ್ಪಾಯ್ತು. ನೀನು ಅವರೊಟ್ಟಿಗೆ ನಗುವುದು ನೋಡಿ ನನಗೆ ತಡೆಯಲಿಕ್ಕೆ ಆಗಲಿಲ್ಲ."

"ನನ್ನನ್ನು ಕೇಳ್ಬಹುದಿತ್ತಲ್ಲ? ಮಕ್ಕಳ ಎದುರು ಕಳ್ಳಿ ಮಾಡಿದೆಯಲ್ಲ ಮಾರಾಯ್ತಿ!" ವಸಂತಿಯ ಕಣ್ಣು ತುಂಬಿತು. "ಅವರು ನನ್ನ ಹತ್ರ ತುಳು ಕಲಿಯುದು. ನಿನ್ನ ಅಮ್ಮನಿಗೆ ತುಳು ಬಿಟ್ಟು ಬೇರೆ ಬರುದಿಲ್ಲ ಅಲ್ವ? ಅವರ ಹತ್ರ ನಿನ್ನನ್ನು ಮದುವೆಗೆ ಕೇಳ್ಬೇಕಂತೆ. ಆ ಬೀದರದ ಬಾಯಲ್ಲಿ ತುಳು ಕೇಳಿದ್ರೆ ಯಾರಿಗೆ ನಗು ಬರುದಿಲ್ಲ ಹೇಳು?"

ಸುಗುಣಾ ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. ಉಳಿದ ಬಟ್ಟೆ ಒಗೆದು ಮುಗಿಸಿ ವಸಂತಿ ಒದ್ದೆ ಸೀರೆಯ ಒಂದು ತುದಿಯನ್ನು ಅವಳ ಕೈಗಿತ್ತಳು.

"ಹಿಡಿ. ಹಿಂಡಲಿಕ್ಕೆ ಇಬ್ಬರು ಬೇಕು."

ಮರುವಾರ ಮಾಳಿಗೆಯಲ್ಲಿ ಮತ್ತೆ ಹಾಡು ಕೇಳಿತು. ಆಮೇಲೆ ಸುಗುಣಾ ಕಥೆ ಶುರುಮಾಡಿದಳು.

"ಮುಳ್ಳಕ್ಕ ಹೋಗಿ ಮೈನಾಳ ಕಾಲು ಹಿಡಿದಳು. ಗೆಣಸು ಕದ್ದದ್ದು ಸುಳ್ಳು, ಆ ಸುಳ್ಳು ಹೇಳಿದ್ದು ನಾನೇ ಅಂದಳು. ಹೆದರಿಕೆಯಾದಾಗಲೆಲ್ಲ ಅವಳ ಮುಳ್ಳು ಏಳುತ್ತಿತ್ತು ಮಕ್ಕಳೇ. ಆಮೆ ತನ್ನನ್ನು ಬಿಟ್ಟು ಹೋದೀತು ಎಂಬ ಹೆದರಿಕೆ..."

"ಆಮೀದೂ ತಪ್ಪೈತ್ರಿ." ಬಾಗಿಲಲ್ಲಿ ಶಿವರಾಯ ನಿಂತಿದ್ದ. "ಚಿಪ್ಪಿನಾಗ ತಲಿ ಇಟ್ಕೊಂಡು ಕುಂತಿತ್ತು. ಮನಸಿನ್ಯಾಗಿಂದು ಮೊದಲು ಮುಳ್ಳಕ್ಕಗ ಹೇಳಬೇಕಿತ್ತು."

"ಈಗ ಹೇಳಲಿ" ಎಂದಳು ಸುಗುಣಾ, ತಲೆ ತಗ್ಗಿಸಿ.

ಅವನು ಗಂಟಲು ಸರಿಮಾಡಿಕೊಂಡ. ಕಲಿತ ತುಳುವೆಲ್ಲ ಎಲ್ಲಿಗೆ ಹಾರಿಹೋಯಿತೋ!

"ಎಂಚ ಉಲ್ಲರ್?"

ಹೇಗಿದ್ದೀರಿ... ಅಷ್ಟೇ! ವಸಂತಿ ಹೊಟ್ಟೆ ಹಿಡಿದು ನಕ್ಕಳು. ಈ ಸಲ ಸುಗುಣಾಳೂ ನಕ್ಕಳು, ಕಣ್ಣೊರೆಸಿಕೊಳ್ಳುತ್ತಾ.

"ಇಷ್ಟಕ್ಕೆಲ್ಲ ಅಮ್ಮ ಒಪ್ಪುವುದಿಲ್ಲ. ಇನ್ನು ಮುಂದೆ ನಾನೇ ಕಲಿಸ್ತೇನೆ."

"ತಪ್ಪಿದ್ರ ಚುಚ್ಚತೀರೇನ್ರಿ?"

"ಚುಚ್ತೇನೆ."

"ಹಂಗಾದ್ರ ಹತ್ರಾನ ಕೂಡ್ತೀನ್ರಿ."