ಏಳು ದಿನಗಳ ಗಡುವು

ಆ ಕ್ರಿಪ್ಟೋ ಜಾಲಕ್ಕೆ ಅವನು ಆರು ವರ್ಷ ಸುರಿದಿದ್ದ. ಅದರ ವಾರ್ಷಿಕೋತ್ಸವದಲ್ಲಿ ಅವನಿಗೆ ಸಿಕ್ಕಿದ್ದು ಕೊನೆಯ ಸಾಲಿನ ಕುರ್ಚಿ. ವೇದಿಕೆಯ ಮೇಲೆ ಮುಖ್ಯಸ್ಥ, ಸೆಕೆಂಡಿಗೆ ಏಳು ವಹಿವಾಟಿದ್ದದ್ದನ್ನು ನಾಲ್ಕು ಸಾವಿರಕ್ಕೆ ತಂದವನು ತಾನೇ ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಎಲ್ಲದಕ್ಕೂ 'ಬೇಗ, ಬೇಗ' ಎನ್ನುವ ಆ ಮನುಷ್ಯನಿಗೆ ಕಚೇರಿಯವರು ಬೆನ್ನ ಹಿಂದೆ ಇಟ್ಟ ಹೆಸರು ಬೇಗಪ್ಪ.

ಸಾವಿರಾರು ವಹಿವಾಟುಗಳನ್ನು ಹೊರಗಿನ ಒಂದೇ ಯಂತ್ರದಲ್ಲಿ ಕಟ್ಟು ಕಟ್ಟಿ, ಆ ಕಟ್ಟನ್ನಷ್ಟೇ ಜಾಲಕ್ಕೆ ಒಪ್ಪಿಸುವ ಉಪಾಯ ನಿಜಕ್ಕೂ ಕೊನೆಯ ಸಾಲಿನಲ್ಲಿ ಕೂತಿದ್ದ ಅವನದು. ಆ ಯಂತ್ರವೇ ಕಳ್ಳನಾದರೆ? ಅದಕ್ಕೂ ಅವನೇ ಉತ್ತರ ಬರೆದಿದ್ದ: ಪ್ರತಿ ಕಟ್ಟೂ ಏಳು ದಿನ ಕಾಯಬೇಕು, ಅಷ್ಟರಲ್ಲಿ ಯಾರ ಮನೆಯ ಕಾವಲು ಯಂತ್ರವಾದರೂ ಲೆಕ್ಕ ತಪ್ಪೆಂದು ತೋರಿಸಿದರೆ ಕಟ್ಟು ರದ್ದು. ಕಾವಲಿಗೆ ಯಾರ ಅಪ್ಪಣೆಯೂ ಬೇಡ. ಸಾಚಾ ಯಂತ್ರ ಒಂದೇ ಒಂದಿದ್ದರೂ ಸಾಕು.

"ಏಳು ದಿನ ಯಾಕ್ರೀ? ಒಂದಿನ ಇಡಿ, ಬೇಗ ಮುಗೀಲಿ," ಎಂದಿದ್ದ ಬೇಗಪ್ಪ.

"ಬಡವರ ಮನೇಲಿರೋ ಹಳೇ ಯಂತ್ರಕ್ಕೂ ಲೆಕ್ಕ ಮುಗಿಸೋಕೆ ಟೈಮ್ ಬೇಕು ಸಾರ್. ಇಲ್ದಿದ್ರೆ ಕಾವಲೆಲ್ಲ ದುಡ್ಡಿದ್ದೋರ ಪಾಲಾಗುತ್ತೆ."

ಅವನು ಗೆದ್ದ ವಾದ ಅದೊಂದೇ. ಕಾವಲುಗಾರರಿಗೆ ಕರೆಂಟ್ ಬಿಲ್ಲನ್ನಾದರೂ ಕೊಡಿ ಎಂದಾಗ ಬೇಗಪ್ಪ ನಕ್ಕ: "ಕಳ್ಳನೇ ಇಲ್ಲ, ಪೊಲೀಸರಿಗೆ ಸಂಬಳ ಯಾಕ್ರೀ?" ಮರುವಾರ ಅವನನ್ನು ಕಟ್ಟು ಕಟ್ಟುವ ಯಂತ್ರದ ಉಸ್ತುವಾರಿಗೆ ತಳ್ಳಲಾಯಿತು. ಕಿಟಕಿಯಿಲ್ಲದ ಕೋಣೆ, ಒಂದು ಕುರ್ಚಿ, ಅವನೊಬ್ಬನಿಗೇ ಗೊತ್ತಿರುವ ಪಾಸ್‌ವರ್ಡ್.

ಕಳ್ಳ ಬೇಕು ತಾನೇ, ಕೊಡೋಣ ಎಂದುಕೊಂಡ.

ಯೋಜನೆ ಸರಳವಾಗಿತ್ತು. ಒಂದು ಕಟ್ಟಿನ ನಡುವೆ ಒಂದು ಸುಳ್ಳು ಸಾಲು: ಕಂಪನಿಯ ಇಡೀ ಖಜಾನೆ ಅವನ ಗುಪ್ತ ಖಾತೆಗೆ. ಏಳು ದಿನ ಯಾರೂ ಕೆಮ್ಮದಿದ್ದರೆ ಸುಳ್ಳೇ ನಿಜವಾಗುತ್ತದೆ, ಆಮೇಲೆ ಯಾರಪ್ಪ ಬಂದರೂ ಅಳಿಸಲಾಗದು. ಗಡುವು ಮುಗಿದ ಸಂಜೆಗೇ ಅವನು ವಿಮಾನದಲ್ಲಿರುತ್ತಾನೆ.

ಕಂಪನಿಯ ಪಟ್ಟಿಯಲ್ಲಿ ನಲವತ್ತೆರಡು ಕಾವಲುಗಾರರಿದ್ದರು. ಸಮೀಕ್ಷೆಯೆಂದು ನೆಪ ಹೇಳಿ ಒಬ್ಬೊಬ್ಬರಿಗೂ ಫೋನ್ ಮಾಡಿದ. ದಂತವೈದ್ಯರು ಯಂತ್ರವನ್ನು ಮಾರಿದ್ದರು. ಗಣಿತದ ಮೇಷ್ಟ್ರು, "ಅದನ್ನ ಆರಿಸಿ ಎರಡು ವರ್ಷ ಆಯ್ತಪ್ಪ. ಬೇರೆಯವರು ನೋಡ್ಕೋತಿದಾರಲ್ಲ, ಬಿಡಿ," ಎಂದರು. ಎಲ್ಲರೂ ಆ ಬೇರೆಯವರನ್ನೇ ನಂಬಿ ಆರಿಸಿದ್ದರು. ಕೊನೆಯ ಹೆಸರಿನ ಮೇಲೆ ಗೆರೆ ಎಳೆದಾಗ ಅವನಿಗೆ ಖುಷಿಯಾಗಲಿಲ್ಲ. ತನ್ನದೇ ಮಗುವಿನ ಹೆಸರಿಗೆ ಗೆರೆ ಎಳೆದಂತಾಯಿತು.

ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಸುಳ್ಳು ಸಾಲನ್ನು ಸೇರಿಸಿದ. ಶನಿವಾರದವರೆಗೂ ಜಾಲ ತುಟಿ ಬಿಚ್ಚಲಿಲ್ಲ. ಭಾನುವಾರ, ತನ್ನನ್ನು ಸಾಕಿ ಬೆಳೆಸಿದ ಅತ್ತೆಯನ್ನು ಕಡೆಯ ಸಲ ನೋಡಿ ಬರೋಣವೆಂದು ಹೋದ. ಆಕೆ ದರ್ಜಿಯಂಗಡಿಗಳಿಗೆ ಗುಂಡಿ ಹೊಲಿದುಕೊಡುವವಳು. ಶಾಲು ಸುತ್ತಿದ ಕಾಲ್ಮಣೆಯ ಮೇಲೆ ಬಾತ ಪಾದಗಳನ್ನಿಟ್ಟು ಕೋಟುಗಳ ರಾಶಿಯ ನಡುವೆ ಕೂತಿದ್ದಳು.

"ಏನೋ ಮಹರಾಯ, ದಾರಿ ತಪ್ಪಿ ಬಂದ್ಯಾ?"

"ಸ್ವಲ್ಪ ದಿನ ಊರಲ್ಲಿರಲ್ಲ ಅತ್ತೆ. ನೋಡ್ಕೊಂಡು ಹೋಗೋಣ ಅಂತ."

"ಹಾಗಾದ್ರೆ ಏನೋ ಕಿತಾಪತಿ ಮಾಡಿದೀಯ. ಚಿಕ್ಕೋನಿದ್ದಾಗ್ಲೂ ಅಷ್ಟೇ, ಗಾಜು ಒಡೆದ ದಿನಾನೇ ನನ್ಮೇಲೆ ಪ್ರೀತಿ ಉಕ್ತಿತ್ತು."

ಅವನು ನಗಲು ನೋಡಿದ. "ಈ ವಯಸ್ಸಲ್ಲಿ ಇನ್ನೂ ಯಾಕೆ ದುಡೀತೀಯ?"

"ಬಿಲ್ಲು ನಿಮ್ಮಪ್ಪ ಕಟ್ತಾನಾ? ಕಾಲು ಬೆಚ್ಚಗಿದ್ರೆ ಕೈ ತಾನಾಗೇ ಓಡುತ್ತೆ ಕಣೋ. ಹೋಗು, ವಿಮಾನ ತಪ್ಪೀತು."

ವಿಮಾನದ ಮಾತನ್ನು ತಾನು ಆಡಲೇ ಇಲ್ಲವಲ್ಲ ಎಂದು ಅವನಿಗೆ ಹೊಳೆದದ್ದು ಬೀದಿಗೆ ಬಂದ ಮೇಲೆ. ಜೇಬಿನಿಂದ ಟಿಕೆಟ್ಟಿನ ತುದಿ ಇಣುಕುತ್ತಿತ್ತು. ಒಳಕ್ಕೆ ತುರುಕಿಕೊಂಡ. ಇನ್ನೊಂದೇ ದಿನ.

ಸೋಮವಾರ ಹನ್ನೊಂದು ಗಂಟೆಗೆ, ಗಡುವಿಗೆ ಎರಡೇ ತಾಸಿದ್ದಾಗ, ಪರದೆಯ ಮೇಲೆ ಕೆಂಪು ಸಾಲೊಂದು ಎದ್ದಿತು: ಆಕ್ಷೇಪ. ಜಾಲ ನಿಂತಿತು. ಸುಳ್ಳು ಕಟ್ಟು ಲೋಕದ ಮುಂದೆ ಬಿಚ್ಚಿಕೊಂಡಿತು. ಅದನ್ನು ಕಟ್ಟಬಹುದಾದ ಕುರ್ಚಿ ಒಂದೇ, ಅದರಲ್ಲಿ ಅವನೇ ಕೂತಿದ್ದ. ಹೊರಗೆ ಬೇಗಪ್ಪನ ಬೂಟಿನ ಸದ್ದು ಬೇಗ ಬೇಗ ಹತ್ತಿರವಾಗುತ್ತಿತ್ತು. ಆಕ್ಷೇಪ ಎತ್ತಿದ ಯಂತ್ರದ ಸಂಖ್ಯೆ ಸೊನ್ನೆ. ಪಟ್ಟಿ ಎಂಬುದೇ ಇಲ್ಲದ ಕಾಲದಲ್ಲಿ ಅವನು ತನ್ನ ಕೈಯಾರೆ ಹೂಡಿ ಮರೆತೇಬಿಟ್ಟಿದ್ದ ಮೊದಲ ಕಾವಲು ಯಂತ್ರ ಅದು. ಜಾಲ ಹಿಗ್ಗಿದಷ್ಟೂ ಹಿಂದೆ ಬಿದ್ದು, ಪ್ರತಿ ಕಟ್ಟನ್ನೂ ತೆವಳುತ್ತಾ ಲೆಕ್ಕ ಹಾಕಿ, ಅವನೇ ಜಗಳವಾಡಿ ಉಳಿಸಿದ ಏಳು ದಿನಗಳ ಕೊನೆಯಲ್ಲಿ ಬಂದು ಮುಟ್ಟಿತ್ತು. "ಆರಿಸ್ಬೇಡ ಅತ್ತೆ, ಕರೆಂಟ್ ಬಿಲ್ ನಾನ್ ಕಟ್ತೀನಿ," ಎಂದಿದ್ದ ಅವತ್ತು. ಒಂದು ಸಲವೂ ಕಟ್ಟಿರಲಿಲ್ಲ. ಆಕೆ ಗುಂಡಿ ಹೊಲಿದ ದುಡ್ಡಿನಲ್ಲಿ ತಾನೇ ಬಿಲ್ಲು ಕಟ್ಟುತ್ತಾ, ಬೆಚ್ಚಗಿರುತ್ತದೆಂದು ಅದಕ್ಕೊಂದು ಶಾಲು ಸುತ್ತಿ, ಆರು ವರ್ಷದಿಂದ ಅದರ ಮೇಲೆ ಕಾಲಿಟ್ಟುಕೊಂಡು ಕೂತಿದ್ದಳು.