ನಂದಿ ಟೂರಿನಲ್ಲಿ ಹೆಣ್ಣು ನೋಡಿದ್ದು

ತನ್ಮಯಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು, ಆಮೇಲೆ ದನಿ ತಣ್ಣಗಾಗುತ್ತಿತ್ತು. ದನಿ ತಣ್ಣಗಾಯಿತೆಂದರೆ ಎದುರಿಗಿದ್ದವರ ಕಥೆ ಮುಗಿಯಿತು ಎಂದು ಅವಳ ಅಪ್ಪ ಬದರಿನಾಥರೇ ತ್ಯಾಗರಾಜನಗರದ ಅರ್ಧ ಬೀದಿಗೆ ಹೇಳಿಟ್ಟಿದ್ದರು. ಆ ಭಾನುವಾರ ಬೆಳಿಗ್ಗೆ, ನಂದಿಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರನ ಗುಡಿಯಲ್ಲಿ, ಕಲ್ಯಾಣಮಂಟಪದ ಕಂಬದ ಮೇಲಿನ ಗಿಳಿಗಳನ್ನು ಪ್ರವಾಸಿಗಳಿಗೆ ತೋರಿಸುತ್ತಿದ್ದಾಗ ಅವಳ ಕಿವಿ ಕೆಂಪಾಯಿತು.

ಕಾರಣ ಚೂಡಾಮಣಿ ಎಂಬ ಹೆಂಗಸು. ಜೆ.ಪಿ. ನಗರದವರು. ಮಗನ ಜೊತೆ ಬಂದು ಟೆಂಪೋ ಟ್ರಾವೆಲರಿನ ಮೊದಲ ಸೀಟಿನಲ್ಲೇ ಕೂತಿದ್ದರು. ಬೆಟ್ಟದ ಮೇಲೆ ಮಂಜು ಸರಿದು ಸೂರ್ಯ ಮೂಡಿದಾಗ ಎಲ್ಲರೂ ಪೂರ್ವಕ್ಕೆ ತಿರುಗಿದ್ದರೆ ಇವರೊಬ್ಬರು ಗೈಡ್ ಆಗಿದ್ದ ತನ್ಮಯಿಯ ಕಡೆ ತಿರುಗಿದ್ದರು. ಯೋಗನಂದೀಶ್ವರನ ಮುಂದೆ ನಿಂತು, "ಬದನೆಕಾಯಿ ಎಣ್ಣೆಗಾಯಿ ಮಾಡೋಕೆ ಬರುತ್ತಾಮ್ಮ?" ಎಂದು ಕೇಳಿದ್ದರು. ಇಡ್ಲಿ ತಿನ್ನುವಾಗ ಜನ್ಮನಕ್ಷತ್ರ ವಿಚಾರಿಸಿದ್ದರು. ಟೂರಿಗೆ ಬಂದವರು ಏನೇನೋ ಕೇಳುತ್ತಾರೆ ಎಂದು ತನ್ಮಯಿ ನಕ್ಕು ಸುಮ್ಮನಾಗಿದ್ದಳು. ಈಗ ಅವರು ಸೆರಗು ಸರಿಮಾಡಿಕೊಂಡು ಕಟ್ಟೆಯ ಮೇಲೆ ಕೂತರು.

"ಒಂದು ದೇವರನಾಮ ಹೇಳಮ್ಮ. ಮಂಟಪದಲ್ಲಿ ದನಿ ಚೆನ್ನಾಗಿ ಕೇಳುತ್ತೆ. ಆಶ್ರಿತ್, ಮುಂದೆ ಬಾರೋ, ಅಲ್ಲಿಂದ ಸರಿಯಾಗಿ ಕಾಣಲ್ಲ."

ಆಶ್ರಿತ್ ಮುಂದೆ ಬರಲಿಲ್ಲ. ಕ್ಯಾಮೆರಾ ಹಿಡಿದುಕೊಂಡು ಕಂಬದ ಹಿಂದೆ ಅರ್ಧ ಮರೆಯಾದ. ಹಿಂದಿನ ಸಾಲಿನ ಇಬ್ಬರು ಆಂಟಿಯರು ಒಬ್ಬರನ್ನೊಬ್ಬರು ತಿವಿದು ನಕ್ಕರು. ತನ್ಮಯಿಗೆ ಆ ಕ್ಷಣದಲ್ಲಿ ಎಲ್ಲವೂ ಅರ್ಥವಾಯಿತು. ಉಪ್ಪಿಟ್ಟು ಕೇಸರಿಬಾತು ಇಲ್ಲದೆ, ಜಮಖಾನ ಹಾಸದೆ, ಅವಳಿಗೆ ಒಂದು ಮಾತೂ ಹೇಳದೆ ಇಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆಯುತ್ತಿತ್ತು. ಹೆಣ್ಣು ಅವಳೇ!

ಅವಳು ತಿರುಗಿ ಮೌನೇಶನನ್ನು ನೋಡಿದಳು. ಈ ಟೂರಿನ ಇನ್ನೊಬ್ಬ ಗೈಡ್ ಅವನು. ಸೀಟು ಬುಕ್ ಮಾಡಿಕೊಳ್ಳುವವನೂ ಅವನೇ. ಮಾಮೂಲಿಯಾಗಿ ಅವಳು ಮಾತಾಡುವಾಗ ಟಾರ್ಚು ಹಿಡಿದು ನಿಂತು, ಅವಳು ಹೆಸರಿಸಿದ ಶಿಲ್ಪದ ಮೇಲೆ ಸರಿಯಾಗಿ ಬೆಳಕು ಬಿಡುತ್ತಿದ್ದ. ಬಿಟ್ಟು, ಶಿಲ್ಪವನ್ನು ನೋಡದೆ ಅವಳನ್ನು ನೋಡುತ್ತಿದ್ದ. ಆ ನೋಟಕ್ಕಾಗಿಯೇ ತನ್ಮಯಿ ಒಂದೊಂದು ಕಂಬಕ್ಕೆ ಎರಡೆರಡು ಕಥೆ ಹೇಳಿದ್ದುಂಟು. ಇವತ್ತು ಟಾರ್ಚಿನ ಬೆಳಕು ನೆಲದ ಮೇಲಿತ್ತು. ಅವನ ಕಣ್ಣೂ ಅಲ್ಲೇ ಇತ್ತು.

"ಗಂಟಲು ಸರಿ ಇಲ್ಲ ಮೇಡಂ," ಎಂದಳು ತನ್ಮಯಿ. ದನಿ ತಣ್ಣಗಿತ್ತು. "ಎಲ್ಲರೂ ಗುಡಿ ಒಂದು ಸುತ್ತು ಹಾಕಿ ಬನ್ನಿ. ಮೌನೇಶ್ ಅವರೇ, ನೀವು ಸ್ವಲ್ಪ ಈಕಡೆ ಬನ್ನಿ."

ಇಬ್ಬರೂ ಸೇರಿ ಈ ಟೂರ್ ಶುರುಮಾಡಿ ಒಂದು ವರ್ಷದ ಮೇಲಾಗಿತ್ತು. ಎರಡು ಸಾವಿರದ ಐದರಲ್ಲಿ, ಜಯನಗರ ನಾಲ್ಕನೇ ಬ್ಲಾಕಿನ ಟ್ರಾವೆಲ್ಸ್ ಒಂದರಲ್ಲಿ ಅವರ ಪರಿಚಯವಾಗಿತ್ತು. ಅವಳು ಇತಿಹಾಸದಲ್ಲಿ ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದಳು. ಅವನು ಬಾದಾಮಿ ಕಡೆಯವನು, ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡು ಕೊರಿಯರ್ ಆಫೀಸಿನಲ್ಲಿ ದುಡಿಯುತ್ತಿದ್ದ. ವಾರವೆಲ್ಲ ಅವರವರ ಪಾಡು. ಭಾನುವಾರ ಕತ್ತಲಿರುವಾಗಲೇ ಜಯನಗರ ಕಾಂಪ್ಲೆಕ್ಸಿನ ಮುಂದೆ ಗಾಡಿ. ಬೆಟ್ಟದ ಮೇಲೆ ಸೂರ್ಯೋದಯ, ಕೆಳಗೆ ಶಿವನ ಗುಡಿಗಳು, ಆಮೇಲೆ ದೊಡ್ಡಬಳ್ಳಾಪುರದ ಹತ್ತಿರ ರಾಜಘಟ್ಟದಲ್ಲಿ ಬೌದ್ಧರ ಹಳೇ ವಿಹಾರ ಸಿಕ್ಕ ಜಾಗ. ಗುಡಿಗಳು ಅವಳ ಪಾಲು, ರಾಜಘಟ್ಟ ಅವನ ಪಾಲು. ಪ್ರೀತಿ ಮಾತ್ರ ಯಾರ ಪಾಲಿಗೂ ಬಾರದೆ ನಡುವೆ ಉಳಿದಿತ್ತು.

ಕಲ್ಯಾಣಿಯ ಮೆಟ್ಟಿಲ ಮೇಲೆ ಅವಳು ನಿಂತಳು. ಅವನು ಎರಡು ಮೆಟ್ಟಿಲು ಕೆಳಗೆ ನಿಂತ.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ರೀ."

ಸುಳ್ಳಾದರೂ ಹೇಳಬಾರದಿತ್ತೇ ಎನ್ನಿಸಿತು ಅವಳಿಗೆ. ಸುಳ್ಳು ಹೇಳಿದ್ದರೆ ಇನ್ನೂ ಹೆಚ್ಚು ಬೈಯಬಹುದಿತ್ತು.

"ಯಾರು ಬುಕ್ ಮಾಡಿಸಿದ್ದು?"

"ನಿಮ್ಮ ಅಪ್ಪಾರು. ಬುಧವಾರ ನನ್ನ ರೂಮಿಗೆ ಬಂದಿದ್ರು. ಮೊಣಕಾಲು ನೋವಿದ್ರೂ ಮೂರು ಮಾಳಿಗಿ ಹತ್ತಿ ಬಂದ್ರು. ಚಾ ಮಾಡಿ ಕೊಟ್ಟೆ. ಹೇಳಿದ್ರ ಮಗಳು ಒಪ್ಪಂಗಿಲ್ಲ, ಕೆಲಸ ಮಾಡೂ ಹೊತ್ತಿನ್ಯಾಗ ಅವರು ನೋಡ್ಲಿ, ನೀ ಆಕಿಗೆ ಅಣ್ಣ ಇದ್ದಂಗ, ಇಷ್ಟು ನಡಸಿಕೊಡಪಾ ಅಂದ್ರು."

"ಅಣ್ಣ!"

ಕಲ್ಯಾಣಿಯ ಆಚೆ ದಡದಲ್ಲಿದ್ದ ಪಾರಿವಾಳಗಳು ಎದ್ದು ಹಾರಿದವು.

"ಅಣ್ಣ ಅಂದಾಗ ನೀವೇನು ಹೇಳಿದ್ರಿ?"

"ಸಕ್ಕರಿ ಸಾಕೇನ್ರೀ ಅಂತ ಕೇಳಿದೆ."

ತನ್ಮಯಿ ಹಣೆ ಹಿಡಿದುಕೊಂಡಳು. ಇನ್ಯಾವತ್ತಾದರೂ ಆಗಿದ್ದರೆ ಈ ಮಾತಿಗೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಇವತ್ತು ಅವನನ್ನು ಎತ್ತಿ ನೀರಿಗೆ ಎಸೆಯಬೇಕೆನ್ನಿಸಿತು. ಮುಂಗೈಯಲ್ಲಿ ಸುಟ್ಟ ಕಲೆಯಿದ್ದ, ತೋಳು ಮಡಚಿದ ನೀಲಿ ಶರ್ಟಿನ ಈ ಮನುಷ್ಯ ಅಷ್ಟು ಚೆನ್ನಾಗಿ ಕಾಣುತ್ತಿದ್ದಾನಲ್ಲ ಎಂದು ಇನ್ನೂ ರೇಗಿತು.

"ನೋಡ್ರೀ," ಎಂದ ಅವನು ಮೆಲ್ಲಗೆ, "ಹುಡುಗ ಒಳ್ಳೇವ. ಬ್ಯಾಂಕಿನ್ಯಾಗ ಅದಾನ. ನಿಮ್ಮವರು. ನಾವು ಬಡಿಗ್ಯಾರು, ಊರಾಗ ಅಪ್ಪ ಇನ್ನೂ ಬಾಗಿಲ ಚೌಕಟ್ಟ ಮಾಡ್ತಾನ. ನಾ ಯಾವ ಬಾಯಿಲೆ ನಿಮ್ಮ ಅಪ್ಪಾರ ಮುಂದ ಬ್ಯಾರೆ ಮಾತು ಆಡ್ಲಿ? ನಿಮಗ ಒಳ್ಳೇದಾಗ್ಲಿ ಅಂತ..."

"ನನಗೆ ಒಳ್ಳೇದು ಯಾವುದು ಅಂತ ನೀವೂ ನಮ್ಮಪ್ಪನೂ ಚಹಾ ಕುಡೀತಾ ತೀರ್ಮಾನ ಮಾಡಿಬಿಟ್ರಿ. ನನ್ನ ಕೇಳೋಕೆ ಇಬ್ಬರಿಗೂ ಪುರುಸೊತ್ತಿರಲಿಲ್ಲ. ಇನ್ನು ಗಂಡಿನ ಕಡೆಯವರು ಇವತ್ತೇ ಸಾಯಂಕಾಲ ಮನೆಗೆ ಬಂದು ಮಾತು ಮುಗಿಸ್ತಾರೆ, ಅಲ್ವಾ?"

ಅವನು ಹೌದೆಂದು ತಲೆಯಾಡಿಸಿದ. ಆಮೇಲೆ ತಲೆ ಎತ್ತಲಿಲ್ಲ.

ಗಾಡಿ ರಾಜಘಟ್ಟದ ದಾರಿ ಹಿಡಿಯಿತು. ದ್ರಾಕ್ಷಿ ತೋಟಗಳು ಹಿಂದೆ ಸರಿದವು. ಚೂಡಾಮಣಿಯವರು ಹಿಂದೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು, "ಹುಡುಗಿ ಚುರುಕಾಗಿದ್ದಾಳೆ. ಏನು, ಮದುವೆ ಆದ್ಮೇಲೆ ಈ ಬೆಳಗಿನ ಜಾವ ಎದ್ದು ಊರೂರು ಸುತ್ತೋದು ಒಂದು ನಿಲ್ಲಿಸಬೇಕು. ಅದೇನು ದೊಡ್ಡ ವಿಷಯ ಅಲ್ಲ, ಅಲ್ವೇನಮ್ಮ?"

ತನ್ಮಯಿ ಎದ್ದು ನಿಂತು, ಸೀಟಿನ ಬೆನ್ನು ಹಿಡಿದುಕೊಂಡು, ಪ್ರವಾಸಿಗಳ ಕಡೆ ತಿರುಗಿದಳು. ದೇವಸ್ಥಾನದ ಕಾಲ ನಿರ್ಣಯ ಹೇಳುವಾಗ ನಿಲ್ಲುವುದೂ ಹೀಗೇ.

"ಮೇಡಂ, ನನಗೆ ಅದು ದೊಡ್ಡ ವಿಷಯ. ನಾನು ಈ ಕೆಲಸ ನಿಲ್ಲಿಸಲ್ಲ. ನಿಮ್ಮ ಮಗನನ್ನ ಮದುವೆನೂ ಆಗಲ್ಲ. ನೀವು ನನ್ನ ನೋಡೋಕೆ ಬಂದಿದ್ದೀರಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದಿದ್ರೆ ಮನೇಲೇ ಬೇಡ ಅಂತಿದ್ದೆ, ನಿಮಗೂ ನಿದ್ದೆ ಉಳೀತಿತ್ತು."

ಚೂಡಾಮಣಿಯವರ ಮುಖ ಕಪ್ಪಿಟ್ಟಿತು. ಅವರು ಬಾಯಿ ತೆರೆಯುವ ಮೊದಲೇ ಆಶ್ರಿತ್, "ಅಮ್ಮ, ಸಾಕು," ಎಂದ. ಆಮೇಲೆ ತನ್ಮಯಿಯನ್ನು ನೇರವಾಗಿ ನೋಡಿ, "ನಿಮಗೆ ಗೊತ್ತಿದೆ ಅಂತಾನೇ ನನಗೆ ಹೇಳಿದ್ರು. ಸಾರಿ ರೀ," ಎಂದ.

ಪಾಪದ ಹುಡುಗ. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಬರಬೇಕಾದವರ ಮೇಲೆ ಬೇಕಾದಷ್ಟು ಬಂದಿತ್ತು.

ರಾಜಘಟ್ಟದಲ್ಲಿ ನೋಡಲು ಏನೂ ಇರಲಿಲ್ಲ, ಯಾವತ್ತೂ ಇರುತ್ತಿರಲಿಲ್ಲ. ಅಗೆದು ನೋಡಿದ ಮೇಲೆ ಮಣ್ಣು ಮುಚ್ಚಿದ ಒಂದು ದಿಬ್ಬ, ಸುತ್ತ ಹೊಲ. ಆದರೆ ಪ್ರತಿವಾರ ಮೌನೇಶ ಆ ಬಯಲಲ್ಲಿ ನಡೆದಾಡುತ್ತಾ, ಇಲ್ಲಿ ಭಿಕ್ಷುಗಳ ಕೋಣೆ, ಇಲ್ಲಿ ಪೂಜೆಯ ಚೈತ್ಯ, ಇಲ್ಲಿ ಅಂಗೈಯಷ್ಟು ಮಣ್ಣಿನ ಸ್ತೂಪಗಳು ಸಿಕ್ಕವು ಎಂದು ಕೈಯಾಡಿಸಿದರೆ ಗೋಡೆಗಳು ಎದ್ದು ನಿಂತಂತಾಗುತ್ತಿತ್ತು. ಮಾಯವಾದ ಬಾಗಿಲಿಗೆ ಜನ ತಲೆತಗ್ಗಿಸಿ ಒಳಗೆ ಹೋದದ್ದೂ ಇದೆ.

ಇವತ್ತು ಅವನು ನಾಲ್ಕು ವಾಕ್ಯ ಹೇಳಿ ನಿಲ್ಲಿಸಿಬಿಟ್ಟ. ಜನ ಗೊಣಗುತ್ತಾ ಎಳನೀರು ಹುಡುಕಿಕೊಂಡು ಹೋದರು.

ತನ್ಮಯಿ ದಿಬ್ಬ ಹತ್ತಿ ಅವನ ಹತ್ತಿರ ಬಂದಳು. ಬಿಸಿಲು ಏರಿತ್ತು.

"ಇಲ್ಲದೇ ಇರೋ ಗೋಡೆ ಬಗ್ಗೆ ಅರ್ಧ ಗಂಟೆ ಮಾತಾಡೋಕೆ ಬರುತ್ತೆ. ಎದುರಿಗೆ ನಿಂತಿರೋಳ ಹತ್ತಿರ ಒಂದು ಮಾತಾಡೋಕೆ ಬರಲ್ಲ. ಆ ಮದುವೆ ಬೇಡ ಅಂತ ನಾನೇ ಹೇಳಿದ್ದೀನಿ, ಅದಕ್ಕೆ ನಿಮ್ಮ ಉಪಕಾರ ಬೇಕಾಗಿಲ್ಲ. ಆದ್ರೆ ನೀವು ನನ್ನ ಅಣ್ಣನೋ ಅಲ್ವೋ ಅನ್ನೋದನ್ನ ನಮ್ಮಪ್ಪನಿಗೆ ನೀವೇ ಹೇಳಬೇಕು. ಅಣ್ಣ ಆದ್ರೆ ಸರಿ, ಮುಂದಿನ ವಾರದಿಂದ ನನಗೆ ಬೇರೆ ಟೂರ್ ನೋಡ್ಕೋತೀನಿ."

ಅವನ ತುಟಿ ಅಲುಗಿತು. ಅಷ್ಟರಲ್ಲಿ ಡ್ರೈವರ್ ಹಾರನ್ ಹೊಡೆದ. ಅವಳು ಉತ್ತರಕ್ಕೆ ಕಾಯದೆ ಇಳಿದು ಹೋದಳು. ಕಾದು ಸಾಕಾಗಿತ್ತು. ಇಳಿಯುವಾಗ ಕಣ್ಣಲ್ಲಿ ನೀರು ಬಂತು. ಧೂಳು ಎಂದುಕೊಂಡು ಒರೆಸಿದಳು.

ತ್ಯಾಗರಾಜನಗರದ ಮನೆ ತಲುಪುವಷ್ಟರಲ್ಲಿ ಚೂಡಾಮಣಿಯವರ ಫೋನು ಮೊದಲೇ ತಲುಪಿತ್ತು. ಬದರಿನಾಥರು ಹಜಾರದಲ್ಲಿ ಶತಪಥ ಹಾಕುತ್ತಿದ್ದರು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಜಗಳ ಬಿಡಿಸುವವರು ಯಾರೂ ಇರಲಿಲ್ಲ.

"ಗಾಡೀಲಿ ಎಲ್ಲರ ಎದುರು ಹಾಗೆ ಹೇಳೋದಾ? ನನ್ನ ಮಾನ ಏನಾಯ್ತು?"

"ಎಲ್ಲರ ಎದುರು ನನ್ನ ನೋಡೋಕೆ ಕಳಿಸಿದ್ರಲ್ಲ ಅಪ್ಪ, ನನ್ನ ಮಾನ ಏನಾಗಿತ್ತು?"

"ನಾನಿರೋವಾಗಲೇ ನಿನಗೊಂದು ದಾರಿ ಮಾಡೋಣ ಅಂತ ಒದ್ದಾಡ್ತಿದ್ರೆ..."

ಗೇಟು ಕಿರ್ರೆಂದಿತು. ಮೌನೇಶ ಒಳಗೆ ಬಂದ. ಅದೇ ನೀಲಿ ಶರ್ಟು, ಪ್ಯಾಂಟಿನ ಅಂಚಿಗೆ ರಾಜಘಟ್ಟದ ಕೆಂಪು ಧೂಳು. ಹೊಸಿಲ ಹೊರಗೇ ನಿಂತು ಕೈಮುಗಿದ.

"ಸರ, ಬುಧವಾರ ನೀವು ಅಣ್ಣ ಇದ್ದಂಗ ಅಂದ್ರಿ. ನಾ ಸುಮ್ಮನ ಕುಂತೆ. ಅದು ತಪ್ಪಾತು. ನಾ ಆಕಿಗೆ ಅಣ್ಣ ಅಲ್ರೀ. ಹಂಗ ನೋಡಾಕ ನನಗ ಒಂದು ದಿನಾನೂ ಆಗಿಲ್ಲ. ನನಗ ಆಕಿ ಮ್ಯಾಲೆ ಮನಸೈತಿ. ನೀವು ಬೈರಿ, ಹೊಡೀರಿ. ನಿಮ್ಮೆದುರು ಹೇಳಬೇಕಿತ್ತು, ಹೇಳಿದೆ."

ಬದರಿನಾಥರ ಕಿವಿಯೂ ಕೆಂಪಾಗುತ್ತದೆ ಎಂದು ತನ್ಮಯಿಗೆ ಆವತ್ತೇ ಗೊತ್ತಾದದ್ದು.

"ನಂಬಿ ನಿನ್ನ ರೂಮಿಗೆ ಬಂದಿದ್ದೆ ಕಣಯ್ಯ! ನಡಿ ಆಚೆ."

"ಆತ್ರೀ," ಎಂದು ಅವನು ತಿರುಗಿ ಹೊರಟೇಬಿಟ್ಟ.

ತನ್ಮಯಿ ಬರಿಗಾಲಿನಲ್ಲಿ ಓಡಿದಳು. ಅವನು ಆಗಲೇ ಎದುರುಮನೆಯ ಸಂಪಿಗೆ ಮರದ ತನಕ ಹೋಗಿದ್ದ.

"ಎಲ್ಲಿಗೆ ಹೊರಟ್ರಿ?"

"ನಿಮ್ಮ ಅಪ್ಪಾರು ನಡಿ ಅಂದ್ರಲ್ರೀ."

"ಅವರು ಅಣ್ಣ ಅಂದ್ರೆ ಅಣ್ಣ ಆಗ್ತೀರಿ, ನಡಿ ಅಂದ್ರೆ ನಡೀತೀರಿ. ನಾನು ಹೇಳಿದ್ದು ಯಾವಾಗ ಕೇಳ್ತೀರಿ?"

ಮೌನೇಶ ಮೊದಲ ಬಾರಿಗೆ ಆ ದಿನ ಅವಳ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದ. ಅವನಿಗೂ ಸಿಟ್ಟು ಬರುತ್ತದೆ ಎಂಬುದು ಅವಳಿಗೆ ಹೊಸ ವಿಷಯ.

"ನೀವು ಏನು ಹೇಳೀರಿ? ಬೆಳಗಿನಿಂದ ಬೈಯಾಕತ್ತೀರಿ. ವರ್ಷಾತು, ಒಂದು ಮಾತು ಹೇಳೀರೇನು? ನಾನರೆ ಹೆದರಿದೆ. ನಿಮಗೇನಾಗಿತ್ತು?"

ಅವನು ಕೇಳಿದ್ದು ನ್ಯಾಯವಾಗಿತ್ತು. ನ್ಯಾಯವಾಗಿದ್ದದ್ದಕ್ಕೇ ಅವಳಿಗೆ ಇನ್ನೊಮ್ಮೆ ಮೈ ಉರಿಯಿತು, ಆ ಉರಿಯಲ್ಲೇ ಮಾತು ಹೊರಬಿತ್ತು.

"ಹೇಳ್ತೀನಿ, ಕೇಳಿಸ್ಕೊಳ್ಳಿ! ನೀವು ನನಗೆ ಬೇಕು. ಇವತ್ತಲ್ಲ, ಮೊದಲನೇ ಟೂರಿನಿಂದ ಬೇಕು. ನನ್ನ ಕೇಳದೆ ನನ್ನ ಬೇರೆಯವರಿಗೆ ಕೊಡೋಕೆ ಹೊರಟ್ರಲ್ಲ, ಆ ಸಿಟ್ಟು ನನಗೆ ಇಳಿದಿಲ್ಲ, ಇನ್ನೂ ತುಂಬಾ ದಿನ ಇಳಿಯಲ್ಲ. ಆದ್ರೂ ನೀವೇ ಬೇಕು. ಸಾಕಾ? ಇನ್ನೂ ಜೋರಾಗಿ ಹೇಳಬೇಕಾ?"

ಜೋರಾಗಿ ಹೇಳುವ ಅಗತ್ಯವಿರಲಿಲ್ಲ. ಎದುರುಮನೆಯ ಕಿಟಕಿ ತೆರೆದಿತ್ತು, ಪಕ್ಕದ ಮನೆಯವರು ತುಳಸಿಗೆ ನೀರು ಹಾಕುವುದನ್ನು ಮರೆತು ನಿಂತಿದ್ದರು. ಮೌನೇಶ ಮಾತ್ರ ಯಾರನ್ನೂ ನೋಡದೆ, ಟಾರ್ಚು ಇಲ್ಲದ ಬರಿಗೈಗಳನ್ನು ಎಲ್ಲಿಡಬೇಕೋ ತಿಳಿಯದೆ, ಅವಳನ್ನೇ ನೋಡುತ್ತಿದ್ದ. ಅವನ ಕಣ್ಣು ತುಂಬಿತ್ತು.

"ಸಾಕ್ರೀ," ಎಂದ.

ಗೇಟಿನ ಹತ್ತಿರ ಕೆಮ್ಮು ಕೇಳಿಸಿತು. ಬದರಿನಾಥರು ಮೊಣಕಾಲು ಹಿಡಿದುಕೊಂಡು ನಿಂತಿದ್ದರು. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

"ಬೀದೀಲಿ ಕೂಗಾಡಬೇಡ. ಕೂಗಾಡೋದಿದ್ರೆ ಮನೆಯೊಳಗೆ ಬಂದು ಕೂಗಾಡು." ತಿರುಗಿ ಎರಡು ಹೆಜ್ಜೆ ಹೋದವರು ಮತ್ತೆ ನಿಂತರು. "ಅವನನ್ನೂ ಕರ್ಕೊಂಡು ಬಾ. ನಾನೂ ಅವನಿಗೆ ಬೈಯೋದು ಇನ್ನೂ ಮುಗಿದಿಲ್ಲ."